ಪಂಡಿತಾ ರಮಾಬಾಯಿಯವರೂ ನಮ್ಮ ನಾಡಿನ ಬಾಲಲಗ್ನವೂ

ಗೋದಾವರೀ ತೀರದ ಪೈಠಣ ಕ್ಷೇತ್ರದಲ್ಲಿ ಒಂದು ದಿನ ಮುಂಜಾನೆ ಯಾತ್ರಿಕನಾದ ಬ್ರಾಹ್ಮಣನೊಬ್ಬನು ಸ್ನಾನಕ್ಕೆ ಇಳಿದಿದ್ದನು. ಅವನ ಸಂಗಡ ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಯಾತ್ರೆಗೆ ಬಂದಿದ್ದರು. ಹಿರಿಯಳಿಗೆ 9 ವರುಷ, ಕಿರಿಯಳಿಗೆ 7. ಅಷ್ಟರಲ್ಲಿ ಅದೇ ಸ್ಥಳಕ್ಕೆ ತೇಜಸ್ವಿಯಾದ ಇನ್ನೊಬ್ಬ ಯಾತ್ರಿಕನು ಸ್ನಾನಕ್ಕೆಂದು ಬಂದನು. ಸ್ನಾನಸಂಧ್ಯೆಗಳು ಮುಗಿದ ಮೇಲೆ ಒಬ್ಬರನ್ನೊಬ್ಬರು ಊರು, ಕುಲ, ಗೋತ್ರ ವಿಚಾರಿಸಿದರು. ಬಂದವನು ಹೆಂಡತಿಯನ್ನು ಕಳೆದುಕೊಂಡವನೆಂದು ತಿಳಿದ ಕೂಡಲೆ ತಂದೆಯು ತನ್ನ ಹಿರಿಯ ಮಗಳನ್ನು ಕೊಡುವೆನೆಂದನು. ಒಂದು ತಾಸಿನಲ್ಲಿ ಮಾತು ಮುಗಿಯಿತು. ಮರುದಿವಸ ಲಗ್ನವಾಯಿತು. ಅದರ ಮರುದಿವಸ ತಂದೆಯು ಹಗುರಾದ ಮನಸ್ಸಿನಿಂದ ತನ್ನ ಯಾತ್ರೆಯನ್ನು ಮುಂದುವರಿಸಿ ಹೊರಟುಹೋದನು. ವರನ ವಯಸ್ಸು ನಾಲ್ವತ್ತು ದಾಟಿತ್ತು. ಹಿಂದಿನ ದಿವಸದ ವರೆಗೆ ಮುಖ ಕಂಡರಿಯದ ಆ ಪುರುಷನ ಹಿಂದೆ ಆ ಕೂಸು ಸುಮಾರು 900 ಮೈಲಿ ದೂರದ ಕನ್ನಡ ಸೀಮೆಗೆ ನಡೆದು ಬಂದಿತು.

ಆ ಕೂಸಿನ ಹೆಸರು ಲಗ್ನದ ತರುವಾಯ ಲಕ್ಷ್ಮೀಬಾಯಿಯೆಂದಾಯಿತು. ವರನು ಅನಂತಶಾಸ್ತ್ರೀ ಡೋಂಗ್ರೆ ಎಂಬ ಸಂಸ್ಕೃತ ವಿದ್ವಾಂಸನು. ಈ ದಂಪತಿಗಳ ಕಡೆಯ ಮಗಳೇ ಪಂಡಿತಾ ರಮಾಬಾಯಿಯವರು. ಮುಂದೆ ಅವರು ಇಂಗ್ಲಿಷಿನಲ್ಲಿ ಗ್ರಂಥ ಬರೆದಾಗ ಈ ಸಂಗತಿಯನ್ನು ಹೆಸರೆತ್ತದೆ ಅದರಲ್ಲಿ ಹೇಳಿದರು. ಹುಡುಗಿಯು ಒಳ್ಳೆಯವರ ಕೈಗೆ ಬಿದ್ದಳೆಂಬುದನ್ನೂ ಸೇರಿಸಿದರು. ಒಳ್ಳೆಯವರ ಕೈಗೆ ಬಿದ್ದದ್ದು ದೈವದ ಮಾತಾಯಿತು. ಕೊಟ್ಟ ತಂದೆಯ ವಿವೇಕದ ಮಾತಾಗಲಿಲ್ಲ.

ರಮಾಬಾಯಿಯವರನ್ನು ಮಹಾರಾಷ್ಟ್ರದವರೆಂದೇ ನಮ್ಮಲ್ಲಿ ಅನೇಕರು ತಿಳಿದಿರುವರು. ಮನೆಯ ಮಾತು ಮರಾಠಿಯಾಗಿದ್ದದ್ದೂ ಅವರ ದೊಡ್ಡ ಕಾರ್ಯವು ಪುಣೆಯ ಸುತ್ತ ನಡೆದದ್ದೂ ನಿಜ. ಆದರೆ ಅವರು ಹುಟ್ಟಿದ್ದು ಕನ್ನಡ ನೆಲದಲ್ಲಿ, ಕಾರ್ಕಳ ಶೃಂಗೇರಿಗಳ ನಡುವಿನ ಸಹ್ಯಾದ್ರಿಯ ಗಂಗಾಮೂಲವೆಂಬ ಅರಣ್ಯದಲ್ಲಿ, 1858ನೆಯ ಇಸವಿ ಏಪ್ರಿಲ್ 23ರಂದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ನಾಲ್ಕು ಹೆಸರಿನ ನಮ್ಮ ಈ ತೊರಗಲ್ಲು ನಾಡಿನ ಓದುಗರಿಗೆ ಪೈಠಣದ ಆ ಕಥೆಯು ಪರದೇಶದ್ದೆಂದು ತೋರಲಾರದು. ಜಾತ್ರೆಗೆ ಹೋದಲ್ಲಿ ಕನ್ಯೆಯ ಮಾತಾಗಿ, ಮನೆಗೆ ಬರುವಷ್ಟರಲ್ಲಿ ವೀಳ್ಯವೂ ಆಗಿಹೋದ ಸಂಗತಿಗಳನ್ನು ನಮ್ಮ ಅಜ್ಜಿಯರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಆದಕಾರಣ ಈ ಸಂಚಿಕೆಯಲ್ಲಿ ಅವರ ಚರಿತ್ರೆಯನ್ನು ಬಾಲಲಗ್ನದ ವಿಷಯವನ್ನೇ ಮುಖ್ಯವಾಗಿಟ್ಟುಕೊಂಡು ಬರೆಯಲಾಗಿದೆ.

ಅನಂತಶಾಸ್ತ್ರಿಗಳು ಸಾಮಾನ್ಯರಲ್ಲ. ಯೌವನದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶವೆ ಎರಡನೆಯ ಬಾಜೀರಾಯನ ಪತ್ನಿಗೆ ಸಂಸ್ಕೃತ ಪಾಠ ಹೇಳುವದನ್ನು ಅವರು ಕಂಡಿದ್ದರು. ಸ್ತ್ರೀಯ ಬಾಯಿಂದ ದೇವಭಾಷೆಯನ್ನು ಕೇಳಿ ಬೆರಗಾಗಿ, ತನ್ನ ಹೆಂಡತಿಗೂ ಕಲಿಸುವೆನೆಂದು ನಿಶ್ಚಯಿಸಿದರು. ಮೊದಲನೆಯ ಹೆಂಡತಿಯ ವಿಷಯದಲ್ಲಿ ಮನೆಯ ಹಿರಿಯರು ಒಪ್ಪದೆ ಆ ಯತ್ನವು ಕೆಟ್ಟಿತು. ಎರಡನೆಯವಳು ತೀರ ಚಿಕ್ಕವಳು, ಹೇಳಿದಂತೆ ಕಲಿತಳು. ಊರವರು ಸುಮ್ಮನಿರಲಿಲ್ಲ. ಹೆಂಗಸಿಗೆ ಸಂಸ್ಕೃತ ಕಲಿಸುವದು ಅಧರ್ಮವೆಂಬ ದೂರು ಉಡುಪಿಯ ಮಠದ ವರೆಗೆ ಹೋಯಿತು. ಅಲ್ಲಿ ಕೂಡಿದ ವಿದ್ವಾಂಸರ ಮುಂದೆ ಶಾಸ್ತ್ರಿಗಳು ಪ್ರಮಾಣಗಳನ್ನು ಒಂದೊಂದಾಗಿ ಎತ್ತಿ ಹೇಳಿ ತಮ್ಮ ಪಕ್ಷವನ್ನು ಸಾಧಿಸಿದರು. ಆದರೂ ಊರಿನ ಕಿರಿಕಿರಿ ತಪ್ಪಲಿಲ್ಲವಾದ್ದರಿಂದ ಹೆಂಡತಿಯನ್ನು ಕರೆದುಕೊಂಡು ಗಂಗಾಮೂಲದ ಕಾಡಿಗೆ ಹೋಗಿ ನೆಲಸಿದರು. ಮೊದಲಿನ ರಾತ್ರಿ ತಲೆಯ ಮೇಲೆ ಸೂರಿಲ್ಲ. ಸಮೀಪದಲ್ಲಿಯೇ ಹುಲಿಯು ಗರ್ಜಿಸುತ್ತಿತ್ತು; ಬಾಲೆಯಾದ ಲಕ್ಷ್ಮೀಬಾಯಿಯು ಹಚ್ಚಡವನ್ನು ಮುಸುಕೆಳೆದುಕೊಂಡು ಬೆಳಕು ಹರಿಯುವ ತನಕ ನಡುಗುತ್ತ ಮಲಗಿದ್ದಳು.

ಆ ಕಾಡಿನಲ್ಲಿಯೇ ಮನೆಯಾಯಿತು, ಪಾಠಶಾಲೆಯಾಯಿತು, ಮಕ್ಕಳಾದರು. ಉಳಿದ ಮಕ್ಕಳು ಮೂವರು: ಕೃಷ್ಣಾಬಾಯಿ, ಶ್ರೀನಿವಾಸ, ರಮಾ. ಬಂದುಹೋಗುವ ಯಾತ್ರಿಕರ ಸತ್ಕಾರದಲ್ಲಿ ಶಾಸ್ತ್ರಿಗಳ ಆಸ್ತಿಯೆಲ್ಲ ಕರಗಿತು. ರಮೆಯು ಆರು ತಿಂಗಳ ಕೂಸಾಗಿದ್ದಾಗ ಸಂಸಾರವೆಲ್ಲ ಮನೆ ಬಿಟ್ಟು ಹೊರಟಿತು; ಕೂಸನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಬೆಟ್ಟವಿಳಿಸಿದರು. ಅಲ್ಲಿಂದ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತ ಪುರಾಣ ಹೇಳಿ ಜೀವಿಸುವದೇ ಅವರ ಉದ್ಯೋಗವಾಯಿತು. ರಮೆಗೆ ಎಂಟು ವರುಷವಾದಾಗ ತಾಯಿಯೇ ನಸುಕಿನಲ್ಲಿ, ಮನೆಗೆಲಸ ಆರಂಭವಾಗುವ ಮೊದಲು, ತೊಡೆಯ ಮೇಲೆ ಕೂಡಿಸಿಕೊಂಡು ಸಂಸ್ಕೃತ ಕಲಿಸತೊಡಗಿದಳು. ಮರಾಠಿ, ಕನ್ನಡ, ಹಿಂದಿ ಭಾಷೆಗಳು ದಾರಿ ನಡೆಯುವಾಗಲೇ ಬಂದವು.

ಇಲ್ಲಿ ಒಂದು ಸಂಗತಿಯನ್ನು ನಿಂತು ನೋಡಬೇಕು. ಸ್ತ್ರೀವಿದ್ಯೆಗಾಗಿ ಉಡುಪಿಯ ಸಭೆಯನ್ನೇ ಎದುರಿಸಿದ ಶಾಸ್ತ್ರಿಗಳು ಲಗ್ನದ ಮಾತು ಬಂದಾಗ ರೂಢಿಗೆ ತಲೆಬಾಗಿದರು. ತಾವು 9 ವರುಷದವಳನ್ನು ಕೈಹಿಡಿದದ್ದಷ್ಟೇ ಅಲ್ಲ, ಹಿರಿಯ ಮಗಳು ಕೃಷ್ಣಾಬಾಯಿಯನ್ನೂ ಬಾಲ್ಯದಲ್ಲಿಯೇ ಧಾರೆಯೆರೆದರು. ವಿದ್ಯಾವಂತರಾದ ತಂದೆತಾಯಿಗಳು ಬಾಲಲಗ್ನ ಮಾಡಲಾರರೆಂದು ಹೇಳುವವರು ಈ ಮನೆತನವನ್ನು ನೆನೆಯಬೇಕು. ಆ ಸಂಬಂಧವು ಕೆಟ್ಟಿತು. ಅಳಿಯನು ಓದಿಗೂ ಬರಲಿಲ್ಲ, ಸಂಸಾರಕ್ಕೂ ಒದಗಲಿಲ್ಲ. ಮಗಳ ದುಃಖವನ್ನು ಕಣ್ಣಾರೆ ಕಂಡ ಮೇಲೆಯೇ ಶಾಸ್ತ್ರಿಗಳು ಕಿರಿಯಳನ್ನು ಹಾಗೆ ಕೊಡುವದಿಲ್ಲವೆಂದು ನಿರ್ಧರಿಸಿದರು. ಶಾಸ್ತ್ರವನ್ನೆಲ್ಲ ಓದಿದ ಪಂಡಿತನಿಗೆ ಕಡೆಗೆ ಬುದ್ಧಿ ಕಲಿಸಿದ್ದು ಸ್ವಂತ ಮಗಳ ಕಣ್ಣೀರು. ಅಕ್ಕನು ಬಲಿಯಾದದ್ದರಿಂದ ತಂಗಿಯು ಉಳಿದಳೆಂದರೆ ತಪ್ಪಾಗಲಾರದು. ರಮಾಬಾಯಿಯವರ ಹೆಸರನ್ನು ಲೋಕವೆಲ್ಲ ಬಲ್ಲದು. ಕೃಷ್ಣಾಬಾಯಿಯ ಹೆಸರನ್ನು ಬಲ್ಲವರು ವಿರಳ.

1874ರ ಸುಮಾರಿಗೆ ಬರಗಾಲವು ಈ ಸಂಸಾರವನ್ನು ಹಿಡಿಯಿತು. ಕೂಲಿ ಮಾಡಿ ಅರಿಯರು, ಭಿಕ್ಷೆ ಬೇಡಲು ನಾಚಿಕೆ. ಮೊದಲು ತಂದೆ ತೀರಿದರು. ತಾಯಿಯು ಹಾಸಿಗೆ ಹಿಡಿದು ಹಸಿವೆಯಿಂದ ಕಂಗೆಟ್ಟಾಗ ರಮೆಯು ನೆರೆಮನೆಗೆ ಹೋಗಿ ಸಜ್ಜಿಯ ರೊಟ್ಟಿಯ ಒಂದು ತುಣುಕನ್ನು ಕೇಳಬೇಕೆಂದು ನಿಂತಳು. ಬಾಯಿಂದ ಮಾತು ಹೊರಡದೆ ಕಣ್ಣೀರು ಬಂದಿತು. ಮನೆಯೊಡತಿಯು ಅರಿತುಕೊಂಡು ಕೊಟ್ಟಳು. ರೊಟ್ಟಿ ತಂದಾಗ ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಆಕೆಯ ಶವ ಹೊರಲು ಇಬ್ಬರು ಮಾತ್ರ ಮುಂದೆ ಬಂದರು, ಮೂರನೆಯವನು ಶ್ರೀನಿವಾಸನು, ನಾಲ್ಕನೆಯ ಹೆಗಲಿಗೆ ಯಾರೂ ಇಲ್ಲದೆ ಹದಿನಾರರ ರಮೆಯೇ ನಿಂತಳು. ಎತ್ತರ ಸಾಲದ್ದರಿಂದ ಹೆಗಲಿಗೆ ಬದಲಾಗಿ ತಲೆಯ ಮೇಲೆ ಹೊರಬೇಕಾಯಿತು. ಕೆಲವು ತಿಂಗಳುಗಳಲ್ಲಿ ಕೃಷ್ಣಾಬಾಯಿಯೂ ವಾಂತಿಭೇದಿಯಿಂದ ತೀರಿಕೊಂಡಳು.

ಉಳಿದ ಅಣ್ಣತಂಗಿಯರು ಸಾವಿರಾರು ಮೈಲಿ ನಡೆದು 1878ರಲ್ಲಿ ಕಲಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರುಷದ ಈ ಕನ್ಯೆಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. ಇಪ್ಪತ್ತು ವರುಷದ ಬ್ರಾಹ್ಮಣ ಕನ್ಯೆಯು ಅವಿವಾಹಿತಳಾಗಿದ್ದದ್ದೇ ಆ ದಿನಗಳಲ್ಲಿ ಪಾಂಡಿತ್ಯಕ್ಕಿಂತ ದೊಡ್ಡ ಅಚ್ಚರಿಯಾಗಿತ್ತು. ಸ್ತ್ರೀಯರ ಸಭೆಗಳಲ್ಲಿ ಮಾತನಾಡುವದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದತೊಡಗಿದಾಗ ಗ್ರಂಥಗ್ರಂಥಗಳಿಗೆ ಎಷ್ಟೇ ಭೇದವಿದ್ದರೂ ಸ್ತ್ರೀಯನ್ನು ಹೀನಳೆನ್ನುವದರಲ್ಲಿ ಒಮ್ಮತವಿರುವದನ್ನು ಅವರು ಕಂಡುಕೊಂಡರು. 1880ರಲ್ಲಿ ಅಣ್ಣನೂ ತೀರಿದನು. ಅದೇ ವರುಷ ನವೆಂಬರ 13ರಂದು ವಕೀಲರಾದ ಬಿಪಿನ್ ಬಿಹಾರಿ ದಾಸ ಮೇಧಾವಿ ಎಂಬ ವಂಗ ಸಜ್ಜನರೊಡನೆ 1872ರ ಸಿವಿಲ್ ವಿವಾಹ ಕಾಯದೆಯಂತೆ ಲಗ್ನವಾದರು. ಜಾತಿ ಬೇರೆ, ಭಾಷೆ ಬೇರೆ. ಆ ಕಾಯದೆಯು ವಧುವಿಗೆ 14 ವರುಷಗಳಾದರೂ ಆಗಿರಬೇಕೆಂದು ವಿಧಿಸಿತ್ತು. ನಮ್ಮ ವಧುವಿಗೆ 22 ಆಗಿತ್ತು. ಈ ಸುಖವು ಬಹುಕಾಲ ಉಳಿಯಲಿಲ್ಲ. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಪತಿಯು ವಾಂತಿಭೇದಿಗೆ ತುತ್ತಾದರು.

ಎಳೆಗೂಸನ್ನೆತ್ತಿಕೊಂಡು ಪುಣೆಗೆ ಬಂದ ರಮಾಬಾಯಿಯವರು ಅದೇ ವರುಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀವಿದ್ಯೆಯೂ ಬಾಲಲಗ್ನದ ನಿವಾರಣೆಯೂ ಅದರ ಉದ್ದೇಶಗಳು. ವಿದ್ಯಾಭ್ಯಾಸದ ವಿಚಾರಣೆಗೆ ಬಂದ ಹಂಟರ್ ಆಯೋಗದ ಮುಂದೆ ನಿಂತು, ಕನ್ಯೆಯರಿಗೆ ಕಲಿಸಲು ಸ್ತ್ರೀಯರನ್ನೇ ಶಿಕ್ಷಕಿಯರನ್ನಾಗಿ ಮಾಡಬೇಕು, ಸ್ತ್ರೀಯರಿಗೆ ವೈದ್ಯಶಾಸ್ತ್ರವನ್ನೂ ಕಲಿಸಬೇಕು ಎಂದು ಸಾಕ್ಷಿ ನುಡಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜಿನ ಭಗಿನಿಯರ ಆಶ್ರಯದಲ್ಲಿದ್ದು, ಸಪ್ಟೆಂಬರ 29ರಂದು ಮಗಳೊಡನೆ ದೀಕ್ಷಾಸ್ನಾನ ಹೊಂದಿದರು. ಪತಿತರಾದ ಸ್ತ್ರೀಯರನ್ನು ಆ ಭಗಿನಿಯರು ಪ್ರೀತಿಯಿಂದ ಎತ್ತಿ ನಿಲ್ಲಿಸುವದನ್ನು ನೋಡಿ ಅವರ ಮನಸ್ಸು ಕ್ರಿಸ್ತನ ಕಡೆಗೆ ತಿರುಗಿತು. ಆದರೂ ಅವರು ಕಣ್ಣುಮುಚ್ಚಿ ಯಾರನ್ನೂ ಹಿಂಬಾಲಿಸಿದವರಲ್ಲ. ಸಭೆಯ ಹಿರಿಯರೊಡನೆಯೂ ತತ್ತ್ವಗಳ ವಿಷಯದಲ್ಲಿ ನಿರ್ಭಯವಾಗಿ ವಾದಿಸಿದರು.

1886ರಲ್ಲಿ ಅವರು ಅಮೇರಿಕೆಗೆ ಹೋದದ್ದು ಆನಂದೀಬಾಯಿ ಜೋಶಿಯವರು ವೈದ್ಯಪದವಿ ಪಡೆಯುವ ಸಮಾರಂಭಕ್ಕಾಗಿ. ಆನಂದೀಬಾಯಿಯವರಿಗೂ 9ನೆಯ ವರುಷಕ್ಕೆ ಲಗ್ನವಾಗಿತ್ತು. ಹಿಂದುಸ್ಥಾನಕ್ಕೆ ಮರಳಿದ ಕೆಲವೇ ತಿಂಗಳುಗಳಲ್ಲಿ, 1887ರಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ಆ ವೈದ್ಯೆಯು ತೀರಿಕೊಂಡರು. ಅದೇ 1887ರಲ್ಲಿ ರಮಾಬಾಯಿಯವರ ಇಂಗ್ಲಿಷ್ ಗ್ರಂಥವು ಪ್ರಸಿದ್ಧವಾಯಿತು. ಉಚ್ಚಕುಲದ ಹಿಂದೂ ಸ್ತ್ರೀಯ ಬಾಲ್ಯ, ಲಗ್ನ, ವೈಧವ್ಯಗಳನ್ನು ಅದು ಕ್ರಮವಾಗಿ ಹೇಳುತ್ತದೆ. ತಾಯಿ ಲಕ್ಷ್ಮೀಬಾಯಿಗೆ ಅರ್ಪಿತವಾಗಿದೆ. ಹನ್ನೊಂದನೆಯ ವಯಸ್ಸಿಗೆ ಲಗ್ನವಾಗಿ, ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗೆನೆಂದ ಮುಂಬಯಿಯ ರುಖಮಾಬಾಯಿಯವರ ಮೊಕದ್ದಮೆಯ ಮಾತೂ ಅದರಲ್ಲಿದೆ. ಹೋಗು, ಇಲ್ಲವಾದರೆ ಆರು ತಿಂಗಳು ಸೆರೆಮನೆ, ಎಂದು ಕೋರ್ಟು ಆ ತರುಣಿಗೆ 1887ರಲ್ಲಿ ಅಪ್ಪಣೆ ಮಾಡಿತ್ತು. ಅರಿಯದ ವಯಸ್ಸಿನಲ್ಲಿ ಕಟ್ಟಿದ ಗಂಟನ್ನು ಸರಕಾರದ ಕಾಯದೆಯೇ ಬಿಗಿಯುವದನ್ನು ಕಂಡು ರಮಾಬಾಯಿಯವರು ನೊಂದು ಬರೆದರು.

ಆದರೆ ಅವರ ಗ್ರಂಥದ ಮುಖ್ಯ ಬೇಡಿಕೆಯು ಕಾಯದೆಯಲ್ಲ. ಸ್ವಾವಲಂಬನೆ, ವಿದ್ಯೆ, ಸ್ವದೇಶದ ಶಿಕ್ಷಕಿಯರು, ಈ ಮೂರು. ಇದು ವಿಚಾರಿಸತಕ್ಕ ಮಾತು. ಲಗ್ನ ಬೇಡವೆಂದ ಹುಡುಗಿಯು ಆ ಸಂಜೆ ಎಲ್ಲಿ ಮಲಗಬೇಕು, ಯಾರ ಅನ್ನ ಉಣ್ಣಬೇಕು, ನಾಳೆ ಯಾವ ಉದ್ಯೋಗದಿಂದ ಬದುಕಬೇಕು? ಇದಕ್ಕೆ ಉತ್ತರವಿಲ್ಲದೆ ಬೇಡವೆನ್ನಲು ಹೇಳುವದು ಬರಿಯ ಮಾತಾದೀತು. ಅವರು ತಮ್ಮ ಉಳಿದ ಆಯುಷ್ಯವನ್ನೆಲ್ಲ ಈ ಉತ್ತರವನ್ನು ಕಟ್ಟುವದರಲ್ಲಿಯೇ ಕಳೆದರು.

ಅಮೇರಿಕೆಯ ಸ್ನೇಹಿತರ ಧನಸಹಾಯದಿಂದ 1889ರ ಮಾರ್ಚ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು; ಮರುವರುಷ ಪುಣೆಗೆ ಹೋಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಗೋದೂಬಾಯಿ. ಎಂಟನೆಯ ವಯಸ್ಸಿಗೆ ಲಗ್ನವಾಗಿ ಕೆಲವೇ ತಿಂಗಳುಗಳಲ್ಲಿ ವಿಧವೆಯಾದವಳು. ಈಕೆಯೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುಲಗ್ನವಾದಳು. ಆ ಕರ್ವೆಯವರು 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು.

ಅದೇ 1893ರಲ್ಲಿ ಸದನಕ್ಕೆ ದೊಡ್ಡ ಪೆಟ್ಟು ಬಿದ್ದಿತು. ಕೆಲವು ವಿದ್ಯಾರ್ಥಿನಿಯರು ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕೂಡ್ರತೊಡಗಿದ್ದರಿಂದ, ಇದು ಮತಾಂತರದ ಉಪಾಯವೆಂಬ ಕೂಗೆದ್ದಿತು. ರಾನಡೆ, ಭಾಂಡಾರಕರರಂಥ ಸಲಹೆಗಾರರು ಹೊರಬಿದ್ದರು. ಅನೇಕ ಪಾಲಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಮಿಶನ್ ಶಾಲೆಯ ಸಂಚಿಕೆಯಲ್ಲಿ ಬರೆಯುವಾಗ ತಪ್ಪನ್ನೆಲ್ಲ ಪುಣೆಯ ಹಿರಿಯರ ಮೇಲೆ ಹೊರಿಸುವದು ಸುಲಭ. ಆದರೆ ಧರ್ಮದಲ್ಲಿ ಕೈಹಾಕುವದಿಲ್ಲವೆಂಬ ಭರವಸೆಯ ಮೇಲೆ ಮಕ್ಕಳನ್ನು ಕಳುಹಿದ ತಂದೆತಾಯಿಗಳ ಅಂಜಿಕೆಯೂ ಸುಳ್ಳಲ್ಲ. ಆ ಜಗಳದಲ್ಲಿ ಓದು ಕಡಿದುಕೊಂಡು ಮನೆಗೆ ಮರಳಿದ ಬಾಲವಿಧವೆಯರೇ ನಿಜವಾಗಿ ಸೋತವರು.

1896–97ರ ಕ್ಷಾಮದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ಹೋಗಿ, ತಾವು ಎಳೆತನದಲ್ಲಿ ಅನುಭವಿಸಿದ ಹಸಿವೆಯನ್ನೇ ಅಲ್ಲಿ ಕಂಡು, ನೂರಾರು ಹುಡುಗಿಯರನ್ನು ಪುಣೆಯ ಸಮೀಪದ ಕೇಡಗಾವಿಗೆ ಕರೆತಂದರು. ಅದೇ ಮುಕ್ತಿ ಸದನ. 1900ರ ಗುಜರಾಥದ ಕ್ಷಾಮದ ತರುವಾಯ ಅಲ್ಲಿ ಸುಮಾರು 2000 ಜನರು ಇದ್ದರು. ಅಕ್ಷರ ಕಲಿಸಿದ್ದಷ್ಟೇ ಅಲ್ಲ, ಮಗ್ಗ, ಗಾಣ, ಹೈನು, ಒಕ್ಕಲುತನ, ಅಚ್ಚುಕೂಟ, ರೋಗಿಗಳ ಶುಶ್ರೂಷೆ, ಇವನ್ನೆಲ್ಲ ಹುಡುಗಿಯರ ಕೈಗೆ ಕೊಟ್ಟರು. ಕುರುಡ ಹುಡುಗಿಯರಿಗೂ ಓದು ಇತ್ತು. ದಾರಿ ತಪ್ಪಿದವರಿಗೆ ಕೃಪಾ ಸದನವೆಂಬ ಬೇರೆ ಮನೆಯಿತ್ತು. ಕನ್ನಡ ನಾಡನ್ನೂ ಅವರು ಮರೆಯಲಿಲ್ಲ: ಕಡೆಯ ವರುಷಗಳಲ್ಲಿ ಗುಲಬರ್ಗೆಯಲ್ಲಿ ಒಂದು ಕನ್ಯಾಶಾಲೆಯನ್ನು ತೆರೆದರು, ಮಗಳು ಮನೋರಮೆಯು ಅದಕ್ಕಾಗಿ ದುಡಿದಳು. ಲಗ್ನವಾಗದೆ ತಾಯಿಯ ಕಾರ್ಯಕ್ಕೇ ಜೀವವನ್ನು ಮೀಸಲಿಟ್ಟ ಮನೋರಮೆಯು 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ಸತ್ಯವೇದವನ್ನು ಇಬ್ರಿಯ, ಗ್ರೀಕ ಮೂಲಗಳಿಂದ ಮರಾಠಿಗೆ ತರುವ ಕೆಲಸವನ್ನು ಮುಗಿಸಿ, 1922ನೆಯ ಇಸವಿ ಏಪ್ರಿಲ್ 5ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆಹೋದರು.

ಕಾಯದೆಯ ಕಥೆಯು ಇದರ ಪಕ್ಕದಲ್ಲಿ ಬಹು ನಿಧಾನವಾಗಿ ನಡೆಯಿತು. 1891ರ ಸಮ್ಮತಿ ವಯಸ್ಸಿನ ಕಾಯದೆಯು ಲಗ್ನವನ್ನು ಮುಟ್ಟಲಿಲ್ಲ, 12ರೊಳಗಿನ ಹೆಂಡತಿಯ ಸಂಗವನ್ನು ಮಾತ್ರ ಅಪರಾಧವೆಂದಿತು. ಅಷ್ಟಕ್ಕೇ ದೇಶದಲ್ಲಿ ಕೋಲಾಹಲವಾಯಿತು. 1894ರಲ್ಲಿ ಮೈಸೂರು ಸಂಸ್ಥಾನವು 8 ವರುಷದೊಳಗಿನ ಹುಡುಗಿಯ ಲಗ್ನವನ್ನೂ, 50 ದಾಟಿದವನು 14ರೊಳಗಿನವಳನ್ನು ಆಗುವದನ್ನೂ ನಿಷೇಧಿಸಿತು. ಬ್ರಿಟಿಷ್ ಸೀಮೆಯಲ್ಲಿ ಹರಬಿಲಾಸ ಸಾರಡಾ ಅವರ ಕಾಯದೆಯು 1929ರಲ್ಲಿ ಸ್ವೀಕೃತವಾಗಿ 1930ರ ಏಪ್ರಿಲ್ 1ರಿಂದ ನಡೆಗೆ ಬಂದಿತು. ಹುಡುಗಿಗೆ 14, ಹುಡುಗನಿಗೆ 18. ನಡುವಿನ ಆ ಆರು ತಿಂಗಳಲ್ಲಿ ದೇಶದ ತುಂಬ ತೊಟ್ಟಿಲ ಕೂಸುಗಳಿಗೂ ಬಾಸಿಂಗ ಕಟ್ಟಿದರು. ಅದು ಬ್ರಿಟಿಷ್ ಇಂಡಿಯಾದ ಕಾಯದೆ. ಬೈಲಹೊಂಗಲ ಸವದತ್ತಿಗಳು ಬ್ರಿಟಿಷ್ ಬೆಳಗಾವಿ ಜಿಲ್ಲೆಯವು. ರಾಮದುರ್ಗವು 1948ರ ವರೆಗೆ ಸಂಸ್ಥಾನ. ತೊರಗಲ್ಲು ಕೊಲ್ಲಾಪುರದ ಜಹಗೀರು. ಒಂದು ಬಂಡಿಯ ಪ್ರಯಾಣದಲ್ಲಿ ಸರಕಾರವೇ ಬದಲಾಗುತ್ತಿದ್ದ ಇಂಥ ನಾಡಿನಲ್ಲಿ ಬ್ರಿಟಿಷರ ಕಾಯದೆಯು ಸೀಮೆಯ ಕಲ್ಲಿಗೆ ಬಂದು ನಿಲ್ಲುತ್ತಿತ್ತು.

ಸವದತ್ತಿಯ ಹೆಸರು ಬಂದಮೇಲೆ ಮುತ್ತು ಕಟ್ಟುವ ಪದ್ಧತಿಯನ್ನು ಮುಚ್ಚಿಡಲಾಗದು. ಎಳೆಯ ಹುಡುಗಿಯನ್ನು ದೇವಿಗೆ ಬಿಡುವದೂ ಅವಳನ್ನು ಕೇಳದೆ ಮಾಡಿದ ಲಗ್ನವೇ ಸರಿ. ಮುಂಬಯಿ ಸರಕಾರವು 1934ರಲ್ಲಿಯೂ ಕರ್ನಾಟಕ ಸರಕಾರವು 1982ರಲ್ಲಿಯೂ ಇದರ ವಿರುದ್ಧ ಕಾಯದೆ ಮಾಡಿದವು.

ಹುಡುಗಿಯ ವಯಸ್ಸು 1978ರಲ್ಲಿ 18 ಆಯಿತು. 2006ರಲ್ಲಿ ಬಾಲ್ಯವಿವಾಹ ನಿಷೇಧದ ಹೊಸ ಕಾಯದೆ ಬಂದಿತು. ಅದಕ್ಕೆ ಕರ್ನಾಟಕವು ಮಾಡಿದ 2016ರ ತಿದ್ದುಪಡಿಯ ಪ್ರಕಾರ ಇಂಥ ಲಗ್ನವು ಮೊದಲಿನಿಂದಲೇ ಅಸಿಂಧು. ಕಾಗದದ ಮೇಲೆ ಇದಕ್ಕಿಂತ ಗಟ್ಟಿಯಾದ ಮಾತಿಲ್ಲ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 20ರಿಂದ 24 ವರುಷದ ಸ್ತ್ರೀಯರೊಳಗೆ 18ರ ಮೊದಲೇ ಲಗ್ನವಾದವರು 2015–16ರಲ್ಲಿ ನೂರಕ್ಕೆ 21.4, 2019–21ರಲ್ಲಿ 21.3. ತಿದ್ದುಪಡಿಯ ಮುಂಚೆಯೂ ಅಷ್ಟೇ, ತರುವಾಯವೂ ಅಷ್ಟೇ. ಐವರಲ್ಲಿ ಒಬ್ಬಳು.

ಕಾರಣಗಳು ನಮ್ಮ ಪಾಲಕರಿಗೆ ಗೊತ್ತಿಲ್ಲದವೇನಲ್ಲ. ಅಕ್ಕನ ಲಗ್ನದ ಹಂದರದಲ್ಲಿಯೇ ತಂಗಿಗೂ ಅಕ್ಷತೆ ಹಾಕಿದರೆ ಒಂದು ಖರ್ಚು ಉಳಿಯುವದು. ಸೋದರಮಾವನಿಗೆ ಹುಟ್ಟಿದಾಗಲೇ ಆಡಿಟ್ಟ ಮಾತು. ಅಜ್ಜಿಯು ಕಣ್ಣು ಮುಚ್ಚುವದರೊಳಗೆ ನೋಡಬೇಕೆಂಬ ಆಸೆ. ಕಬ್ಬು ಕಡಿಯಲು ತಾಯಿತಂದೆಗಳು ಊರು ಬಿಟ್ಟರೆ ಬೆಳೆದ ಹುಡುಗಿಯನ್ನು ಯಾರ ಹತ್ತಿರ ಬಿಡುವದು? ಏಳನೆಯ ಇಯತ್ತೆ ಮುಗಿದ ಮೇಲೆ ಊರಲ್ಲಿ ಶಾಲೆಯಿಲ್ಲ, ದೂರದ ಊರಿಗೆ ಒಬ್ಬಳನ್ನೇ ಬಸ್ಸಿನಲ್ಲಿ ಕಳಿಸಲು ಧೈರ್ಯವಿಲ್ಲ. 2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಮುಚ್ಚಿದಾಗ ಈ ಅಂಜಿಕೆಗಳೆಲ್ಲ ಒಮ್ಮೆಲೆ ಎದ್ದುನಿಂತವು. ಇವುಗಳಲ್ಲಿ ದುಷ್ಟತನಕ್ಕಿಂತ ಅಂಜಿಕೆಯೇ ಹೆಚ್ಚು. ಪೈಠಣದ ಆ ತಂದೆಯೂ ದುಷ್ಟನಾಗಿರಲಿಲ್ಲ. ಆದಕಾರಣವೇ ರಮಾಬಾಯಿಯವರು ಕಂಡುಕೊಂಡ ಉಪಾಯವು ಹಳತಾಗಿಲ್ಲ: ಹುಡುಗಿಗೆ ಮಲಗಲು ಭದ್ರವಾದ ಮನೆ, ಕಲಿಯಲು ಹತ್ತಿರದ ಶಾಲೆ, ಕೈಯಲ್ಲಿ ಒಂದು ಉದ್ಯೋಗ. ಇವು ಇದ್ದಲ್ಲಿ ಅಧಿಕಾರಿಯು ಹಂದರಕ್ಕೆ ಓಡಿಬರುವ ಪ್ರಸಂಗವೇ ಕಡಿಮೆ.

ಓಡಿಬರಬೇಕಾದಾಗ ಬರುವವರೂ ಇದ್ದಾರೆ. ತಹಸೀಲ್ದಾರರಿಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೂ ಲಗ್ನವನ್ನು ತಡೆಯುವ ಅಧಿಕಾರವಿದೆ. 1098 ಎಂಬ ಮಕ್ಕಳ ಸಹಾಯವಾಣಿಗೆ ಯಾರೂ ದೂರವಾಣಿ ಮಾಡಬಹುದು, ಹುಡುಗಿಯೇ ಮಾಡಬಹುದು. ಬಸವಜಯಂತಿ, ಅಕ್ಷಯ ತೃತೀಯೆಗಳ ಸುಮಾರಿಗೆ ಲಗ್ನಗಳ ದಟ್ಟಣೆ ಇರುವದರಿಂದ ಆ ದಿವಸಗಳಲ್ಲಿ ವಿಶೇಷ ಎಚ್ಚರ ಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಹಳ್ಳಿಹಳ್ಳಿಗಳಲ್ಲಿ ಶಿಕ್ಷಕಿಯರು, ದಾದಿಯರು, ಅಂಗನವಾಡಿ ಕಾರ್ಯಕರ್ತೆಯರು. ಬೇಸಿಗೆಯ ಸೂಟಿಯಲ್ಲಿ ಎಂಟನೆಯ, ಒಂಬತ್ತನೆಯ ಇಯತ್ತೆಯ ಯಾವ ಹುಡುಗಿಗೆ ಹೊಸ ಸೀರೆ ಬಂದಿದೆಯೆಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವದು ಅವರಿಗೇ.